ಲೆಕ್ಕ ಹಚ್ಚಿ ಬರೆದದ್ದು

ಹೋದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ತೀರಿಕೊಂಡ ರಸಾಯನಶಾಸ್ತ್ರದ ಪ್ರಾಧ್ಯಾಪಕರಿಗೆ ನುಡಿನಮನ ಇಟ್ಟುಕೊಂಡಿದ್ದರು. ನಿವೃತ್ತರಾಗಿ ನಾಲ್ಕು ವರ್ಷ ಆಗಿದ್ದರೂ ಕುರ್ಚಿಗಳು ತುಂಬಿದ್ದವು. ಒಂದು ಕಡೆ ರಸಾಯನಶಾಸ್ತ್ರ ಕಲಿತ ಹಳೆಯ ವಿದ್ಯಾರ್ಥಿಗಳು, ಇನ್ನೊಂದು ಕಡೆ ಅವರ ತಾಳಮದ್ದಳೆ ಕೇಳಿ ಮೆಚ್ಚಿದವರು. ನನಗೆ ಐದು ನಿಮಿಷ ಕೊಟ್ಟಿದ್ದರು. ಕನ್ನಡ ವಿಭಾಗದವಳಾದ ನಾನು ಹತ್ತೊಂಬತ್ತು ವರ್ಷ ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತವಳು. ಅವರು ಒಂದು ದಿನವೂ ತಡವಾಗಿ ಬಂದವರಲ್ಲ ಎಂದೆ, ವಿದ್ಯಾರ್ಥಿಗಳನ್ನು ಮಕ್ಕಳಂತೆ ನೋಡಿದರು ಎಂದೆ, ಮಾತು ಅವರ ನಾಲಿಗೆಯಲ್ಲಿ ಪಳಗಿತ್ತು ಎಂದೆ. ಮೂರು ನಿಮಿಷದಲ್ಲಿ ಮುಗಿಸಿ ಬಂದು ಕುಳಿತೆ. ಹೇಳಬೇಕಾಗಿದ್ದದ್ದು ಬೇರೆ ಇತ್ತು. ಅದನ್ನು ಅಲ್ಲಿ ಹೇಳುವ ಧೈರ್ಯ ಬರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರ ಜೊತೆ ಜಗಳವಾಗಿತ್ತು. ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ದಿನಗಳವು. ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಾಗ ಯಾರ ಜೊತೆಗೋ ನಾನು, ಒಂದು ಪದ್ಯಕ್ಕೆ ಓದುವವರಷ್ಟೇ ಅರ್ಥಗಳಿರುತ್ತವೆ ಎಂದು ಹೇಳುತ್ತಿದ್ದೆ. ಮೂಲೆಯಿಂದ ಒಂದು ದನಿ ಬಂತು.

"ಒಳ್ಳೆ ಸುಖ ನಿಮಗೆ. ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಬಂದರೆ ಬ್ಯುರೆಟ್ ತೊಳೀಬೇಕಾಗ್ತದೆ."

ಎಲ್ಲರೂ ನಕ್ಕರು. ನನಗೆ ಮುಖ ಸುಟ್ಟ ಹಾಗಾಯಿತು. ಅದನ್ನು ಅವರು ನೋಡಿರಬೇಕು. ಊಟ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ಹತ್ತು ನಿಮಿಷ ಉಂಟಾ ಮೇಡಂ? ಲ್ಯಾಬಿಗೆ ಬನ್ನಿ" ಎಂದರು.

ಅಲ್ಲಿ ಒಂದು ಗಾಜಿನ ಪಾತ್ರೆಯಲ್ಲಿ ಹಳದಿ ನೀರು ಇಟ್ಟು, ಮೇಲೆ ಕಟ್ಟಿದ ಬ್ಯುರೆಟ್ಟೆಂಬ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಇನ್ನೊಂದು ದ್ರಾವಣ ಬಿಟ್ಟರು. ಹಳದಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವ ಕ್ಷಣದಲ್ಲಿ ನಿಲ್ಲಿಸಬೇಕು. ಎಷ್ಟು ಹನಿ ಹೋಯಿತು ಎಂಬುದರಿಂದ ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತಿಳಿಯುತ್ತದೆ. ಮೊದಲು ಅವರು ಮಾಡಿ ತಮ್ಮ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಮಡಚಿಟ್ಟರು. ಆಮೇಲೆ ಲ್ಯಾಬಿನ ಅಟೆಂಡರ್. ಆಮೇಲೆ ನಾನು. ಮೂರು ಚೀಟಿ ಬಿಚ್ಚಿದಾಗ ಮೂರು ಬೇರೆ ಬೇರೆ ಅಂಕಿಗಳಿದ್ದವು.

"ನೋಡಿ, ಮೂವರೂ ಸುಳ್ಳು ಹೇಳಲಿಲ್ಲ" ಎಂದರು. "ಬಣ್ಣ ಯಾವಾಗ ತಿರುಗಿತು ಅಂತ ಬ್ಯುರೆಟ್ ಹೇಳುವುದಿಲ್ಲ, ನಮ್ಮ ಕಣ್ಣು ಹೇಳುವುದು. ಅದಕ್ಕೇ ಚೀಟಿ ಮಡಚಿಟ್ಟದ್ದು. ನನ್ನ ಅಂಕಿ ಮೊದಲೇ ಗೊತ್ತಿದ್ದರೆ ನಿಮ್ಮ ಕಣ್ಣು ಅಲ್ಲಿಗೇ ಹೋಗಿ ನಿಲ್ತಿತ್ತು."

ಜಗಳ ಅಲ್ಲಿಗೆ ಮುಗಿಯಿತು. ಆಮೇಲಿನದ್ದು ಸಲಿಗೆ.

ಅವರದು ಸಣ್ಣ ಮೈಕಟ್ಟು. ಅರ್ಧ ತೋಳಿನ ಬಿಳಿ ಅಂಗಿ, ಆ್ಯಸಿಡ್ ಬಿದ್ದು ತೂತಾದ ಒಂದು ಕಪ್ಪು ಪ್ಯಾಂಟು. ಅದನ್ನು ಅವರು ಲ್ಯಾಬ್ ಇರುವ ದಿನಗಳಲ್ಲಿ ಮಾತ್ರ ಹಾಕುತ್ತಿದ್ದರು. ಮನೆ ಉದ್ಯಾವರದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮಣಿಪಾಲದಲ್ಲಿ ಸಂಸಾರ ಹೂಡಿದ್ದಳು. ವಾರವಿಡೀ ಪಾಠ, ಭಾನುವಾರ ತಾಳಮದ್ದಳೆ. ನಮ್ಮ ಕಡೆಯವರಲ್ಲದವರಿಗೆ ಹೇಳುವುದಾದರೆ, ಅದರಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಗಳು ತಮಗೆ ಬಂದ ಪಾತ್ರದ ಪರವಾಗಿ ಆ ಪದಕ್ಕೆ ಅರ್ಥ ಹೇಳುತ್ತಾರೆ, ಎದುರು ಪಾತ್ರದವರ ಜೊತೆ ವಾದಿಸುತ್ತಾರೆ. ಎಲ್ಲವೂ ಬಾಯಿಗೆ ಬಂದಂತೆ, ಬರೆದಿಟ್ಟುಕೊಂಡದ್ದು ಏನೂ ಇಲ್ಲ. ಈ ವಾರ ಕೊಂದವನ ಪರ ಮಾತಾಡಿದವರು ಮುಂದಿನ ವಾರ ಸತ್ತವನ ಪರ ಮಾತಾಡಬೇಕಾಗುತ್ತದೆ. ಅವರು ಎರಡರಲ್ಲೂ ಗೆಲ್ಲುತ್ತಿದ್ದರು.

ಆ ಅಭ್ಯಾಸ ಸ್ಟಾಫ್ ರೂಮಿಗೂ ಬಂದಿತ್ತು. ರಜೆಯ ವಿಷಯವೋ, ಪರೀಕ್ಷೆಯ ವಿಷಯವೋ, ಯಾರ ಜೊತೆ ಚರ್ಚೆಯಾದರೂ ತಮ್ಮ ವಾದ ಮುಗಿಸಿದ ಮೇಲೆ ಎದ್ದು ಬಂದು, "ಸ್ವಲ್ಪ ಏಳಿ ಮಾರಾಯ್ರೇ" ಎಂದು ಎದುರಿನವರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ಕೂರುತ್ತಿದ್ದರು. ಅಲ್ಲಿಂದ ತಮ್ಮದೇ ವಾದವನ್ನು ಖಂಡಿಸುತ್ತಿದ್ದರು, ಅದೂ ಎದುರಿನವರಿಗಿಂತ ಚೆನ್ನಾಗಿ. ನನ್ನನ್ನೂ ಎಷ್ಟೋ ಸಲ ಹಾಗೆ ಎಬ್ಬಿಸಿದ್ದಾರೆ. ವಿಭಾಗದ ಹುಡುಗರು ಅದನ್ನು ನೋಡಿ ನಗುತ್ತಿದ್ದರು. ನನಗೆ ಮಾತ್ರ ಅದರಲ್ಲಿ ಒಂದು ನ್ಯಾಯ ಕಾಣುತ್ತಿತ್ತು. ಇಂಥವರ ಕೈಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು ನಂಬಿದ್ದೆ.

ನಾನು ಹೇಳಬೇಕಾಗಿದ್ದದ್ದು ಒಬ್ಬ ಹುಡುಗಿಯ ವಿಷಯ. ಅವಳು ಬಿಎಸ್ಸಿ ಕೊನೆಯ ವರ್ಷಕ್ಕೆ ಬರುವವಳಿದ್ದಳು. ಬಾಗಲಕೋಟೆ ಕಡೆಯವರು. ತಂದೆಗೆ ಮಣಿಪಾಲದ ಅಪಾರ್ಟ್‌ಮೆಂಟುಗಳಲ್ಲಿ ಗಾರೆ ಕೆಲಸ, ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬನ್ನಂಜೆಯ ಒಳ ಓಣಿಯೊಂದರಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ನನ್ನ ಕನ್ನಡ ತರಗತಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಬಾಯಿ ತೆರೆದರೆ ಉಳಿದವರು ಅವಳ 'ರೀ'ಗೆ ನಗುತ್ತಿದ್ದರು.

ಬೇಸಗೆಯಲ್ಲಿ ಮಾಡಲು ಅವರು ಅವಳಿಗೆ ಒಂದು ಪ್ರಾಜೆಕ್ಟ್ ಕೊಟ್ಟರು. ಉದ್ಯಾವರದಿಂದ ಕಾಪುವಿನವರೆಗೆ ಸಮುದ್ರದ ಬದಿಯ ಆರು ಬಾವಿಗಳನ್ನು ಆರಿಸಿ, ಮಾರ್ಚಿನಿಂದ ಮೇ ಕೊನೆಯವರೆಗೆ ಹನ್ನೆರಡು ವಾರ, ವಾರಕ್ಕೊಮ್ಮೆ ನೀರಿನ ಉಪ್ಪು ಅಳೆಯಬೇಕು. ಬೇಸಗೆ ಏರಿದ ಹಾಗೆ ಉಪ್ಪು ಹೇಗೆ ಏರುತ್ತದೆ ಎಂದು ತೋರಿಸುವುದು ಉದ್ದೇಶ. ಅಳೆಯಲಿಕ್ಕೆ ಪೆನ್ನಿನಷ್ಟು ದೊಡ್ಡ ಒಂದು ಮೀಟರನ್ನು ವಿಭಾಗದಿಂದ ಕೊಟ್ಟಿದ್ದರು. ಅದು ತೋರಿಸಿದ ಸಂಖ್ಯೆಯನ್ನು ಆಮೇಲೆ ಲೆಕ್ಕ ಮಾಡಿ ಉಪ್ಪಿನ ಪ್ರಮಾಣಕ್ಕೆ ತರಬೇಕು.

ಜೂನ್ ಕೊನೆಯಲ್ಲಿ ಅವಳು ವರದಿ ತಂದುಕೊಟ್ಟಳು. ಐದು ಬಾವಿಗಳ ಗೆರೆ ಅವರು ಎಣಿಸಿದಂತೆಯೇ ಏರಿತ್ತು. ಕಾಪುವಿನ ಒಂದು ಮನೆಯ ಬಾವಿ ಮಾತ್ರ ಏಪ್ರಿಲ್‌ನಲ್ಲಿ ಏರಿ, ಮೇ ತಿಂಗಳಲ್ಲಿ ಅರ್ಧಕ್ಕಿಳಿದು, ಪುನಃ ಏರಿ, ಪುನಃ ಇಳಿದಿತ್ತು. ಅವರು ಆ ಕಾಗದವನ್ನು ನನ್ನ ಮೇಜಿಗೆ ತಂದರು.

"ಮೇ ತಿಂಗಳಲ್ಲಿ ಸಮುದ್ರದ ಬದಿಯ ಬಾವಿ ಸಿಹಿಯಾಗ್ತದಾ ಮೇಡಂ? ಮಳೆ ಒಂದು ಹನಿ ಇಲ್ಲ. ಹುಡುಗಿ ಹೋಗಲಿಲ್ಲ, ಮನೆಯಲ್ಲಿ ಕೂತು ತುಂಬಿಸಿದ್ದಾಳೆ."

"ಕೇಳಿ ನೋಡಿ ಸರ್" ಎಂದೆ.

"ಕೇಳ್ತೇನೆ. ಅದಕ್ಕೆ ಮೊದಲು ನಾನೇ ಹೋಗಿ ಬರ್ತೇನೆ. ಸುಮ್ಮನೆ ಆರೋಪ ಮಾಡಬಾರದು."

ಅವರು ಹೋದರು. ಇದನ್ನು ಒತ್ತಿ ಹೇಳಬೇಕು. ಕುಳಿತಲ್ಲೇ ತೀರ್ಪು ಕೊಟ್ಟವರಲ್ಲ ಅವರು. ಸ್ಕೂಟರಿನಲ್ಲಿ ಕಾಪುವಿಗೆ ಹೋಗಿ ಆ ಮನೆಯ ಹೆಂಗಸನ್ನು ಕೇಳಿದರು. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಭಾನುವಾರಗಳಲ್ಲಿ ನಿಮ್ಮ ಬಾವಿ ನೋಡಲಿಕ್ಕೆ ಬರುತ್ತಿದ್ದಳಾ ಎಂದು. ಆಕೆ ಯೋಚಿಸಿ, ಕಾಲೇಜಿನವರು ಯಾರೂ ಬರಲಿಲ್ಲ ಮಾಸ್ಟ್ರೇ ಎಂದರು. ಅಷ್ಟು ಸಾಕಾಯಿತು.

ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆಯಿತು. ಪ್ರಿನ್ಸಿಪಾಲರು, ಅವರು, ಮತ್ತು ಬೇರೆ ವಿಭಾಗದವರೊಬ್ಬರು ಇರಬೇಕು ಎಂಬ ಕಾರಣಕ್ಕೆ ನಾನು. ನಾವು ಮೂವರು ಕುಳಿತಿದ್ದೆವು. ಅವಳು ಮೇಜಿನ ಆಚೆ ನಿಂತಿದ್ದಳು. ಅವಳಿಗೆ ಕುರ್ಚಿ ಇರಲಿಲ್ಲ. ಅವರು ಎಂದಿನಂತೆ ಎದ್ದು ಹೋಗಿ ಕೂರಲಿಕ್ಕೆ ಆ ಬದಿಯಲ್ಲಿ ಜಾಗವೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

"ಈ ಬಾವಿಗೆ ಎಷ್ಟು ಸಲ ಹೋಗಿದ್ದಿ?" ಎಂದು ಅವರು ಶುರುಮಾಡಿದರು. ದನಿ ಮೆತ್ತಗಿತ್ತು.

"ಹನ್ನೆರಡು ಸಲ ರೀ ಸರ್. ಪ್ರತಿ ಐತ್ವಾರ."

"ಮೇ ತಿಂಗಳಲ್ಲಿ ಮಳೆ ಬಂದಿತ್ತಾ?"

"ಇಲ್ರಿ."

"ಮಳೆ ಇಲ್ಲದೆ ಉಪ್ಪು ನೀರು ಸಿಹಿ ಆದದ್ದು ಹೇಗೆ?"

"ಗೊತ್ತಿಲ್ರಿ ಸರ್. ಮೀಟರ್ದಾಗ ಹಂಗ ಬಂತ್ರಿ."

"ಆ ಮನೆಯವರು ಕಾಲೇಜಿನವರು ಯಾರೂ ಬರಲಿಲ್ಲ ಅಂತ ಹೇಳ್ತಾರೆ."

"ಹೋಗಿದ್ನಿರಿ. ಆ ಅವ್ವಾರು ನೋಡ್ಯಾರ್ರಿ ನನ್ನ."

"ನೋಡಲಿಲ್ಲ ಅಂತ ಅವರ ಬಾಯಿಂದಲೇ ಕೇಳಿಕೊಂಡು ಬಂದಿದ್ದೇನೆ ನಾನು. ಹಾಗಾದರೆ ಈ ಅಂಕಿಗಳು ಎಲ್ಲಿಂದ ಬಂದವು?"

ಒಂದೊಂದು ಪ್ರಶ್ನೆಯೂ ಒಂದೊಂದು ಬಾಗಿಲು ಮುಚ್ಚುತ್ತಿತ್ತು. ಆ ಕಲೆಯನ್ನು ನಾನು ಭಾನುವಾರಗಳಲ್ಲಿ ಕುಳಿತು ಕೇಳಿ ಮೆಚ್ಚಿದವಳು. ಹುಡುಗಿ ಈಗ ತಲೆ ಎತ್ತಿದಳು. ಅವಳ ದನಿಯಲ್ಲಿ ಮೊದಲ ಸಲ ಸ್ವಲ್ಪ ಗಟ್ಟಿತನ ಬಂತು.

"ಎಲ್ಲಾ ನಾನಽ ಲೆಕ್ಕಾ ಹಚ್ಚಿ ಬರದೇನ್ರಿ ಸರ್. ಯಾರನ್ನೂ ಕೇಳಿಲ್ರಿ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಎಂತ ಹೇಳಿದ್ದು ಅವಳು? ನಿಮ್ಮ ಸಬ್ಜೆಕ್ಟ್ ಅಲ್ವಾ ಮೇಡಂ?"

ಮನೆಯಲ್ಲಿ ತುಳು, ತರಗತಿಯಲ್ಲಿ ಪುಸ್ತಕದ ಕನ್ನಡ. ಅವಳ ಕನ್ನಡವನ್ನು ನಾನು ಎಂದೂ ಕಿವಿಗೊಟ್ಟು ಕೇಳಿದವಳಲ್ಲ. ನಮಗೆ ಹಚ್ಚುವುದು ಎಂದರೆ ಎಣ್ಣೆ ಹಚ್ಚುವುದು, ಬಣ್ಣ ಹಚ್ಚುವುದು. ಆದರೂ ಗೊತ್ತಿಲ್ಲ ಎನ್ನಲಿಕ್ಕೆ ನಾಲಿಗೆ ಹೊರಳಲಿಲ್ಲ.

"ಲೆಕ್ಕ ಮಾಡಿ, ಹೊಂದಿಸಿ ಬರೆದದ್ದು ಅಂತ" ಎಂದೆ.

ಹೊಂದಿಸಿ ಎಂಬ ಮಾತು ಅವಳದ್ದಲ್ಲ, ನನ್ನದು.

"ಅಂದರೆ ಅಳೆದದ್ದಲ್ಲ" ಎಂದರು ಅವರು.

"ಹಾಗೇ ತೋರ್ತದೆ ಸರ್."

ಅವರು ಪೆನ್ನಿನ ಮುಚ್ಚಳ ಹಾಕಿದರು. ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು. ಆಮೇಲೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಆ ಮೌನವನ್ನು ಮೂವರೂ ಒಪ್ಪಿಗೆ ಎಂದೇ ಓದಿದೆವು. ಪ್ರಾಜೆಕ್ಟ್ ರದ್ದಾಯಿತು, ಅಂಕಗಳನ್ನು ತಡೆಹಿಡಿದರು. ವಿಚಾರಣೆಯ ವರದಿಯ ಕೊನೆಯಲ್ಲಿ 'ವಿದ್ಯಾರ್ಥಿನಿಯು ಅಂಕಿಅಂಶಗಳನ್ನು ಸ್ವತಃ ಹೊಂದಿಸಿರುವುದಾಗಿ ಒಪ್ಪಿಕೊಂಡಿದ್ದಾಳೆ' ಎಂದು ಬರೆದದ್ದಕ್ಕೆ ನಾನೂ ಸಹಿ ಹಾಕಿದೆ. ಆಗಸ್ಟ್‌ನಿಂದ ಅವಳು ಕಾಲೇಜಿಗೆ ಬರುವುದು ನಿಂತಿತು. ಬನ್ನಂಜೆಯ ಕೋಣೆ ಖಾಲಿಯಾಗಿದೆ ಎಂದು ಅವಳ ಸಹಪಾಠಿಯೊಬ್ಬಳು ಹೇಳಿದಳು. ನಾವು ಸೆಮಿಸ್ಟರಿನ ಗಡಿಬಿಡಿಯಲ್ಲಿ ಅದನ್ನು ಮರೆತೆವು.

ಮುಂದಿನ ಮೇ ತಿಂಗಳಲ್ಲಿ ಕಾಪುವಿನಲ್ಲಿ ಅವರ ಸಂಬಂಧಿಕರ ಮನೆಯಲ್ಲಿ ಒಂದು ಪೂಜೆ ಇತ್ತು. ಊಟಕ್ಕೆ ಮೊದಲು ಅಂಗಳದಲ್ಲಿ ಕುಳಿತಿದ್ದಾಗ ಪಕ್ಕದ ಓಣಿಗೆ ಟ್ಯಾಂಕರ್ ಬಂತು. ಮಾತಿಗೆಂದು ಅವರು ಕೇಳಿದರು, ನೀರನ್ನು ತುಂಬಿಸುವುದು ಎಲ್ಲಿಗೆ ಎಂದು. ಮನೆಯವರು ಹೇಳಿದರು, ಕೆಲವರು ತೊಟ್ಟಿಗೆ, ಕೆಲವರು ಬಾವಿಗೇ ಬಿಡುತ್ತಾರೆ, ಬಾವಿಗೆ ಬಿಟ್ಟರೆ ಉಪ್ಪು ಕಡಿಮೆಯಾಗುತ್ತದೆ, ಪಂಪಿನಲ್ಲಿ ಮೇಲೆಳೆಯಲಿಕ್ಕೂ ಆಗುತ್ತದೆ ಎಂದು.

ಅವರು ಊಟಕ್ಕೆ ಕೂರಲಿಲ್ಲ. ಎದ್ದು ನೇರ ಆ ಬಾವಿಯ ಮನೆಗೆ ನಡೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಮರುದಿನ ನನಗೆ ಹೇಳಿದರು. ರಜೆಯಾದ್ದರಿಂದ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು, ಮೌಲ್ಯಮಾಪನದ ಕಟ್ಟುಗಳ ನಡುವೆ.

"ಹೋದ ವರ್ಷ ಮೇ ತಿಂಗಳಲ್ಲಿ ಬಾವಿಗೆ ಟ್ಯಾಂಕರ್ ನೀರು ಬಿಟ್ಟಿದ್ರಾ ಅಂತ ಕೇಳಿದೆ. ಹೌದು, ವಾರ ಬಿಟ್ಟು ವಾರ ಬಿಡಿಸಿದ್ದೇವೆ ಅಂದರು."

ನಾನು ಪೆನ್ನು ಕೆಳಗಿಟ್ಟೆ.

"ಮತ್ತೆ ಕೇಳಿದೆ. ಭಾನುವಾರ ಯಾರೂ ಬರ್ತಿರಲಿಲ್ವಾ ಅಮ್ಮ, ಸರಿಯಾಗಿ ನೆನಪು ಮಾಡಿ ಅಂತ. ಆಗ ಹೇಳಿದರು. ಒಂದು ಹುಡುಗಿ ಬರ್ತಿತ್ತು ಮಾಸ್ಟ್ರೇ, ಕೆಲಸದವರದ್ದು, ಘಟ್ಟದ ಮೇಲಿನವರು. ಹಳೆ ಚೂಡಿದಾರ, ತಲೆಗೆ ಟವೆಲ್. ಬಾಟ್ಲಿಗೆ ಹಗ್ಗ ಕಟ್ಟಿ ನೀರು ತೆಗೀತಿತ್ತು. ಕುಡಿಯಲಿಕ್ಕೆ ಅಂತ ಗ್ರಹಿಸಿದೆ ನಾನು. ನೀವು ಕೇಳಿದ್ದು ಕಾಲೇಜಿನ ಹುಡುಗಿ ಅಲ್ವಾ, ಅಂತ."

ಹೊರಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬರುತ್ತಿತ್ತು. ಅವರು ಎಂದಿನಂತೆ ಎದ್ದು ಯಾವ ಕುರ್ಚಿಗೂ ಹೋಗಲಿಲ್ಲ.

"ರಜೆಯಲ್ಲಿ ತಾಯಿಯ ಜೊತೆ ಕೆಲಸಕ್ಕೆ ಹೋಗಿ, ಅಲ್ಲಿಂದ ಹಾಗೇ ಬಸ್ಸು ಹತ್ತಿ ಹೋಗಿರಬೇಕು" ಎಂದರು. "ಆ ಅಮ್ಮ ಸುಳ್ಳು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಹಾಗಿತ್ತು. ಹೋಗುವಾಗಲೇ ಉತ್ತರ ಕಿಸೆಯಲ್ಲಿ ಇಟ್ಟುಕೊಂಡಿದ್ದೆ."

ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂ, ಆ ಹುಡುಗಿ ಆವತ್ತು ಹೇಳಿದ ಮಾತಿಗೆ ಬೇರೆ ಅರ್ಥ ಏನಾದರೂ ಉಂಟಾ? ಲೆಕ್ಕ ಹಚ್ಚಿ ಅಂತ ಏನೋ ಅಂದಳು."

ಆ ಸಂಜೆ ನಾನು ಗದಗದಲ್ಲಿರುವ ಎಂಎ ಸಹಪಾಠಿಯೊಬ್ಬಳಿಗೆ ಫೋನ್ ಮಾಡಿದೆ. ಅವಳು ನಕ್ಕಳು. "ಲೆಕ್ಕಾ ಹಚ್ಚೂದು ಅಂದ್ರ ಲೆಕ್ಕಾ ಮಾಡೂದವ್ವಾ. ಸಾಲ್ಯಾಗ ಮಾಸ್ತರ ಕೊಟ್ಟ ಲೆಕ್ಕಾ ನಾವು ಹಚ್ಚತೀವಿ. ಅದ್ರಾಗೇನೈತಿ ಸುಳ್ಳು?"

ಮೀಟರಿನ ಸಂಖ್ಯೆಗಳನ್ನು ಯಾರ ಸಹಾಯವೂ ಇಲ್ಲದೆ ತಾನೇ ಲೆಕ್ಕ ಮಾಡಿ ಉಪ್ಪಿನ ಪ್ರಮಾಣಕ್ಕೆ ತಂದಿದ್ದೇನೆ ಎಂದು ಹುಡುಗಿ ಹೆಮ್ಮೆಯಿಂದ ಹೇಳಿದ್ದಳು. ನಾನು ಅದನ್ನು ತಪ್ಪೊಪ್ಪಿಗೆ ಮಾಡಿದ್ದೆ.

ಮರುದಿನ ಅವರಿಗೆ ಹೇಳಿದೆ. ಬಯ್ಯಲಿ ಎಂದು ಕಾದೆ. ಅವರು ಬಯ್ಯಲಿಲ್ಲ.

"ನೀವು ಕೊಟ್ಟ ಅರ್ಥ ನನಗೆ ಬೇಕಾದದ್ದೇ ಆಗಿತ್ತು. ಅದಕ್ಕೇ ತೆಗೆದುಕೊಂಡೆ" ಎಂದರು.

ಅವರು ಪ್ರಿನ್ಸಿಪಾಲರಿಗೆ ಎರಡು ಪುಟದ ಪತ್ರ ಬರೆದರು. ತಾನು ತಪ್ಪು ಮಾಡಿದ್ದೇನೆ, ವರದಿಯನ್ನು ಹಿಂತೆಗೆದುಕೊಳ್ಳಬೇಕು, ಹುಡುಗಿಯನ್ನು ಕರೆಸಿ ಮತ್ತೆ ಸೇರಿಸಿಕೊಳ್ಳಬೇಕು ಎಂದು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಅಂಜುಬುರುಕರು. ಮುಗಿದ ವಿಷಯ ಅಲ್ವಾ ಸರ್, ಈಗ ಕೆದಕಿದರೆ ಕಾಲೇಜಿನ ಹೆಸರು ಹೋಗ್ತದೆ ಎಂದರು. "ಹೋಗುವುದಾದರೆ ನನ್ನ ಹೆಸರು ಹೋಗಲಿ, ಅದನ್ನು ಪತ್ರದಲ್ಲೇ ಬರೆದಿದ್ದೇನೆ" ಎಂದರು ಇವರು. ನಾಲ್ಕು ತಿಂಗಳು ಆ ಕೋಣೆಗೆ ಹೋಗುತ್ತಲೇ ಇದ್ದರು. ಪತ್ರದ ಪ್ರತಿಯನ್ನು ನನಗೂ ಕೊಟ್ಟಿದ್ದರು. 'ವಿದ್ಯಾರ್ಥಿನಿಯ ಮಾತನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡೆ' ಎಂದಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ. ಸೇರಿಸಿ ಎಂದು ನಾನೂ ಹೇಳಲಿಲ್ಲ.

ಜುಲೈಯಲ್ಲಿ ಉದ್ಯಾವರದ ಒಂದು ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ತಾಳಮದ್ದಳೆ ಇತ್ತು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನ ಪಾತ್ರ ಅವರಿಗೆ ಬಂದಿತ್ತು. ನೆಲಕ್ಕೆ ಬಿದ್ದು ಪ್ರಶ್ನೆ ಕೇಳುವವನ ಪಾತ್ರ ಇನ್ನೊಬ್ಬ ಹಿರಿಯರದು. ಹೊರಗೆ ಮಳೆ ಹೊಯ್ಯುತ್ತಿತ್ತು. ಆ ಹಿರಿಯರು ತುಂಬ ಸಾವಕಾಶವಾಗಿ ಹೇಳಿದರು. "ನೀನು ನಿಂತ ಜಾಗದಿಂದ ನಾನು ಕಂಡೆ. ನಾನು ನಿಂತ ಜಾಗದಿಂದ ನೀನು ಕಾಣಲಿಲ್ಲ. ಇದನ್ನು ನೀನು ಧರ್ಮ ಎನ್ನುತ್ತೀಯಾ?"

ಇದಕ್ಕೆ ಇವರ ಬಳಿ ಉತ್ತರಗಳಿದ್ದವು. ಎಂಟು ಹತ್ತು ಬಗೆಯ ಉತ್ತರಗಳನ್ನು ನಾನೇ ಬೇರೆ ಬೇರೆ ವರ್ಷಗಳಲ್ಲಿ ಕೇಳಿದ್ದೆ. ಅವರು ಶಾಲು ಸರಿಮಾಡಿಕೊಂಡರು, ಬಾಯಿ ತೆರೆದರು, ಮುಚ್ಚಿದರು. ಭಾಗವತರು ತಾಳ ಹಿಡಿದು ಕಾದರು. ಕೊನೆಗೆ, "ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ" ಎಂದು ತಲೆ ತಗ್ಗಿಸಿದರು. ಭಾಗವತರು ಮುಂದಿನ ಪದ ಎತ್ತಿಕೊಂಡರು.

ಸಭೆಯಲ್ಲಿ ಎಷ್ಟೋ ಜನ ಕಣ್ಣೊರೆಸಿಕೊಂಡರು. ಇಂಥ ಔಚಿತ್ಯವನ್ನು ಇದುವರೆಗೆ ಯಾವ ಅರ್ಥಧಾರಿಯೂ ತೋರಿಸಿಲ್ಲ ಎಂದು ಹೊರಗೆ ಚಹಾ ಕುಡಿಯುತ್ತ ಮಾತಾಡಿಕೊಂಡರು. ಊರಿನ ಪತ್ರಿಕೆಯಲ್ಲೂ ಬಂತು. ಹೋದ ತಿಂಗಳ ನುಡಿನಮನದಲ್ಲಿ ಮೂವರು ಆ ಮಧ್ಯಾಹ್ನವನ್ನೇ ನೆನೆದು, ಮಾತಿಗಿಂತ ದೊಡ್ಡ ಅರ್ಥ ಎಂದು ಹೊಗಳಿದರು. ಆವತ್ತು ಅವರನ್ನು ಮನೆಗೆ ಬಿಡುವಾಗ ಕಾರಿನಲ್ಲಿ ಅವರು ಹೇಳಿದ್ದು ಇಷ್ಟೇ.

"ಅದು ಅರ್ಥ ಅಲ್ಲ ಮೇಡಂ. ನನಗೆ ಮಾತು ಬರಲಿಲ್ಲ."

ಮತ್ತೆ ಅವರು ತಾಳಮದ್ದಳೆಗೆ ಹೋಗಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಜನ ತಿಳಿದರು.

ಭಾನುವಾರಗಳು ಹುಡುಗಿಯನ್ನು ಹುಡುಕುವುದರಲ್ಲಿ ಕಳೆದವು. ಮಣಿಪಾಲದಲ್ಲಿ ಕಟ್ಟಡ ಏಳುತ್ತಿದ್ದ ಕಡೆಗಳಲ್ಲೆಲ್ಲ ಸ್ಕೂಟರ್ ನಿಲ್ಲಿಸಿ ಗಾರೆಯವರನ್ನು ಕೇಳುತ್ತಿದ್ದರು. ಅವಳ ತಂದೆಯ ಹೆಸರು ಅಪ್ಲಿಕೇಶನಿನಲ್ಲಿ ಇತ್ತು, ಆದರೆ ಆ ಹೆಸರಿನವರು ಪ್ರತಿ ಸೈಟಿನಲ್ಲೂ ಒಬ್ಬರಿದ್ದರು. ಒಂದು ಕಡೆ ಇವರನ್ನು ಲೇಬರ್ ಆಫೀಸಿನವರೆಂದು ತಿಳಿದು ಕೆಲಸದವರು ಓಡಿಹೋದರಂತೆ. ಹೇಳುವಾಗ ಅವರು ನಗಲಿಲ್ಲ. ಕೊನೆಗೆ ನವೆಂಬರಿನಲ್ಲಿ ಒಬ್ಬ ಮೇಸ್ತ್ರಿ ಹೇಳಿದ. ಆ ಕುಟುಂಬ ಅಜೆಕಾರಿನ ಕಡೆ ಇದೆ, ತಂದೆ ಅಲ್ಲಿ ಮನೆ ಕಟ್ಟುವವರ ಜೊತೆ ಇದ್ದಾನೆ, ಮಗಳು ಕಾರ್ಕಳದ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ ಎಂದು.

ಅಷ್ಟರಲ್ಲಿ ಪ್ರಿನ್ಸಿಪಾಲರು ಸಹಿ ಹಾಕಿದ್ದರು. ವರದಿ ರದ್ದಾಗಿತ್ತು, ಅಂಕ ಮರಳಿ ಕೊಟ್ಟಿದ್ದರು, ಯಾವಾಗ ಬೇಕಾದರೂ ಬಂದು ಕೊನೆಯ ವರ್ಷ ಮುಗಿಸಬಹುದು ಎಂಬ ಪತ್ರ ತಯಾರಾಗಿತ್ತು. ನೀವೂ ಬನ್ನಿ ಮೇಡಂ ಎಂದರು. ಹೋದೆ.

ಫ್ಯಾಕ್ಟರಿಯ ಗೇಟಿನ ಒಳಗೆ ಒಂದು ಶೆಡ್ಡಿನ ಹೊರಗೆ ಅವಳು ಬಂದು ನಿಂತಳು. ತಲೆಗೆ ಬಟ್ಟೆ, ಬೆರಳ ತುದಿಗಳು ಕಪ್ಪು. ಒಂದೂವರೆ ವರ್ಷದಲ್ಲಿ ಮುಖ ದೊಡ್ಡವರದ್ದಾಗಿತ್ತು. ನಮ್ಮನ್ನು ನೋಡಿ ಗಾಬರಿಯೂ ಪಡಲಿಲ್ಲ, ನಗಲೂ ಇಲ್ಲ. "ನಮಸ್ಕಾರ ರೀ ಸರ್" ಎಂದಳು.

ಅವರು ನಿಂತೇ ಎಲ್ಲ ಹೇಳಿದರು. ಟ್ಯಾಂಕರಿನ ವಿಷಯ, ಆ ಮನೆಯ ಹೆಂಗಸಿನ ವಿಷಯ. ಯಾವುದಕ್ಕೂ ಕಾರಣ ಕೊಟ್ಟು ಹಗುರ ಮಾಡಲಿಲ್ಲ. "ನೀನು ಬರೆದದ್ದು ಪೂರ್ತಿ ಸರಿ ಇತ್ತು. ನಿನ್ನ ಮಾತನ್ನೂ ನಾನು ತಪ್ಪಾಗಿ ತಿಳಿದೆ. ತಪ್ಪು ನನ್ನದು" ಎಂದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅದು ನನ್ನ ತಪ್ಪು ಎನ್ನಲು ಅರ್ಧ ನಿಮಿಷ ಸಾಕಾಗಿತ್ತು. ಚಪ್ಪಲಿಗೆ ಅಂಟಿದ ಗೇರುಬೀಜದ ಸಿಪ್ಪೆಯನ್ನು ನೆಲಕ್ಕೆ ಉಜ್ಜುತ್ತ ಇದ್ದೆ.

ಅವಳು ಪತ್ರವನ್ನು ಎರಡು ಸಲ ಓದಿದಳು. ಓದಿ ಮಡಚಿದಳು.

"ಸರ್, ನಾ ಏನರೆ ಹೇಳಲಿ, ಬಿಡಲಿ, ನೀವು ಒಂದ ಮಾತು ಕೇಳಬೇಕಿತ್ರಿ" ಎಂದಳು. "ನಡಿ, ಆ ಬಾವಿ ತೋರ್ಸು ಅಂತ. ನಾ ಕರ್ಕೊಂಡು ಹೋಗ್ತಿದ್ನಿರಿ. ಆ ಅವ್ವಾರು ನನ್ನ ನೋಡಿ ಗುರ್ತು ಹಿಡೀತಿದ್ರು."

ಅವರು ಹೌದೆಂದು ತಲೆಯಾಡಿಸಿದರು. ಇಷ್ಟು ವರ್ಷ ಅವರ ಮಾತು ಕೇಳಿದವಳು ನಾನು, ಆ ತಲೆಯಾಡಿಸುವಿಕೆಗಿಂತ ಪ್ರಾಮಾಣಿಕವಾದದ್ದನ್ನು ಅವರಿಂದ ಕಂಡಿಲ್ಲ.

"ಬರ್ತೀಯಾ ಕಾಲೇಜಿಗೆ? ಫೀಸು, ಪುಸ್ತಕ ನಾನು ನೋಡಿಕೊಳ್ತೇನೆ."

"ನೋಡ್ತೀನ್ರಿ ಸರ್. ಅಪ್ಪಗ ಈಗ ಮೊದಲಿನಂಗ ಆಗೂದಿಲ್ರಿ, ಬೆನ್ನ ಹಿಡಕೊಂಡೈತಿ."

ಅವಳು ಬರಲಿಲ್ಲ. ಅವರು ಎರಡು ವರ್ಷ ಪ್ರತಿ ಜೂನ್‌ನಲ್ಲಿ ಆಫೀಸಿಗೆ ಹೋಗಿ ಆ ಹೆಸರಿನವರು ಯಾರಾದರೂ ಬಂದಿದ್ದಾರಾ ಎಂದು ಕೇಳುತ್ತಿದ್ದರು. ಆಮೇಲೆ ನಿವೃತ್ತರಾದರು. ಹೋಗುವ ದಿನ ತಮ್ಮ ಮೇಜಿನ ಸಾಮಾನುಗಳನ್ನು ಹಂಚುವಾಗ ಒಂದು ಚೀಟಿ ನನ್ನ ಕೈಯಲ್ಲಿಟ್ಟರು. ಅದರಲ್ಲಿ ಹುಡುಗಿಯ ಫೋನ್ ನಂಬರ್ ಇತ್ತು. "ಏನಾದರೂ ಬೇಕಾದರೆ ಮೇಡಂ ಇದ್ದಾರೆ ಅಂತ ಹೇಳಿದ್ದೇನೆ" ಎಂದರು. ನಾಲ್ಕು ವರ್ಷ ಆ ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಅವಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ನುಡಿನಮನ ಮುಗಿದ ಎರಡು ದಿನದ ಮೇಲೆ, ಮಧ್ಯಾಹ್ನ ಊಟದ ಹೊತ್ತು ನೋಡಿ ಫೋನ್ ಮಾಡಿದೆ. ಅವಳೇ ಎತ್ತಿದಳು. ಹಿಂದೆ ಶೆಡ್ಡಿನ ಗದ್ದಲ ಕೇಳುತ್ತಿತ್ತು. ಈಗ ಅಲ್ಲೇ ಸೂಪರ್‌ವೈಸರ್ ಆಗಿದ್ದಾಳಂತೆ. ಅವರು ತೀರಿಕೊಂಡದ್ದನ್ನು ಹೇಳಿದೆ.

"ಯಾವಾಗ್ರಿ?" ಎಂದಳು. ಹೇಳಿದೆ. ಗದ್ದಲ ಸ್ವಲ್ಪ ದೂರವಾಯಿತು, ಎದ್ದು ಹೊರಗೆ ಬಂದಿರಬೇಕು. "ವರ್ಷಕ್ಕೊಮ್ಮೆ ಫೋನ್ ಮಾಡಿ ಅಪ್ಪನ ಬೆನ್ನು ಹೆಂಗೈತಿ ಅಂತ ಕೇಳ್ತಿದ್ರು. ಈ ವರ್ಷ ಬಂದಿರಲಿಲ್ಲ" ಎಂದಳು.

ಇನ್ನು ತಡಮಾಡಿದರೆ ಎಂದೂ ಹೇಳಲಾರೆ ಎನ್ನಿಸಿತು. "ಒಂದು ವಿಷಯ ಹೇಳಲಿಕ್ಕೆ ಉಂಟು" ಎಂದೆ. "ಆವತ್ತು ವಿಚಾರಣೆಯಲ್ಲಿ ನಿನ್ನ ಮಾತಿಗೆ ತಪ್ಪು ಅರ್ಥ ಹೇಳಿದ್ದು ಸರ್ ಅಲ್ಲ. ನಾನು. ಅವರು ಅದನ್ನು ತಮ್ಮ ಮೇಲೆ ಹಾಕಿಕೊಂಡರು."

"ಗೊತ್ತೈತ್ರಿ ಮೇಡಂ. ನಾ ಅಲ್ಲೇ ನಿಂತಿದ್ನಲ್ರಿ."

ಅವಳು ಅಲ್ಲೇ ನಿಂತಿದ್ದಳು. ನಾನು ಅವಳ ಮುಂದೆಯೇ, ಅವಳ ಮಾತಿಗೆ, ಅವಳಿಗೆ ಅರ್ಥವಾಗುವ ಭಾಷೆಯಲ್ಲೇ ಅರ್ಥ ಹೇಳಿದ್ದೆ. ಇಷ್ಟು ವರ್ಷ ಇದನ್ನು ಗುಟ್ಟೆಂದು ಹೊತ್ತು ತಿರುಗಿದ್ದೆ. ಅವಳು ಅದನ್ನು ಕೇಳಿಸಿಕೊಂಡಿರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

"ಮತ್ತೆ ಯಾಕೆ ಹೇಳಲಿಲ್ಲ ನೀನು, ಹಾಗಲ್ಲ ಅಂತ?"



"ನೀವು ಕನ್ನಡಾ ಮೇಡಂ ಇದ್ರಿ" ಎಂದಳು. "ನನ್ನ ಕನ್ನಡಾನಽ ತಪ್ಪಿರಬೇಕು ಅನ್ಕೊಂಡ್ನಿರಿ."